ದಿನಾ ನೀರು ಹಾಕಿದರೂ ಆರ್ಕಿಡ್ ಎಲೆ ಜೋತು ಬೀಳುವುದೇಕೆ?

ಪ್ರಶ್ನೆ: ಗೃಹಪ್ರವೇಶಕ್ಕ ಉಡುಗೊರೆ ಬಂದ ಆರ್ಕಿಡ್ ಗಿಡ ಐತ್ರಿ. ಎರಡು ತಿಂಗಳು ಹೂವು ಚಂದ ಇದ್ದವು. ಬ್ಯಾಸಗಿ ಶುರುವಾದ ಮ್ಯಾಲ ದಿನಾ ಒಂದ್ ಗ್ಲಾಸ್ ನೀರ್ ಹಾಕ್ತೀವಿ, ಆದ್ರೂ ಎಲಿ ಸುಕ್ಕಾಗಿ ಜೋತು ಬಿದ್ದಾವ. ಕಲಬುರಗಿ ಬಿಸಲಿಗೆ ಈ ಗಿಡ ಬದುಕಂಗಿಲ್ಲೇನ್ರಿ?

ಉತ್ತರ: ಬದುಕುತ್ತದೆ. ಆದರೆ ಆ ಗ್ಲಾಸು ನೀರನ್ನು ಇವತ್ತೇ ನಿಲ್ಲಿಸಿ. ನಮ್ಮ ಕಡೆ ಆರ್ಕಿಡ್ ಬಿಸಿಲಿಗಿಂತ ಹೆಚ್ಚಾಗಿ ನೀರಿಗೇ ಸಾಯುತ್ತದೆ.

ಎಲೆ ಬಾಡಿದರೆ ನೀರು ಸಾಲದು ಅನ್ನುವ ಲೆಕ್ಕ ದಾಸವಾಳಕ್ಕೆ ಸರಿ. ಆರ್ಕಿಡ್‌ನಲ್ಲಿ ಬೇರು ಒಣಗಿದರೂ ಎಲೆ ಜೋಲುತ್ತದೆ, ಕೊಳೆತರೂ ಜೋಲುತ್ತದೆ. ಕೊಳೆತ ಬೇರು ನೀರು ಎಳೆಯದು. ಗಿಡ ಬಾಯಾರಿದೆ ಎಂದು ನಾವು ಇನ್ನಷ್ಟು ಸುರಿಯುತ್ತೇವೆ, ಉಳಿದ ನಾಲ್ಕು ಬೇರೂ ಹೋಗುತ್ತವೆ.

ಉಡುಗೊರೆಯಾಗಿ ಬರುವುದು ಬಹುಪಾಲು ಫಲೆನಾಪ್ಸಿಸ್ ಎಂಬ ಜಾತಿ. ಅಗಲ ಎಲೆ, ಚಿಟ್ಟೆಯಂಥ ಹೂವು. ಆಗ್ನೇಯ ಏಷ್ಯಾದ ಮಳೆಕಾಡುಗಳಲ್ಲಿ ಇದು ಮರದ ಕೊಂಬೆಗೆ ಬೇರು ಅಪ್ಪಿಸಿಕೊಂಡು ಬೆಳೆಯುತ್ತದೆ. ಬದನಿಕೆಯ ಹಾಗೆ ಮರದ ರಸ ಹೀರುವುದಿಲ್ಲ, ಮಲೆನಾಡಿನ ಸೀತಾಳೆಯಂತೆ ಬರೀ ಆಸರೆ ಪಡೆಯುತ್ತದೆ. ಬೇರಿನ ಸುತ್ತ ಸ್ಪಂಜಿನಂಥ ಪದರವಿದೆ, ಅದಕ್ಕೆ ವೆಲಾಮೆನ್ ಎನ್ನುತ್ತಾರೆ. ಮಳೆ ಬಂದಾಗ ಅದು ಗಬಕ್ಕನೆ ನೀರು ಹೀರಿ ಹಸಿರಾಗುತ್ತದೆ, ಗಾಳಿಗೆ ಆರಿದಾಗ ಬೆಳ್ಳಗಾಗುತ್ತದೆ. ನೆನೆಯುವುದು, ಆರುವುದು ಎರಡೂ ಅದಕ್ಕೆ ಬೇಕು. ದಿನವಿಡೀ ಒದ್ದೆಯಾಗಿದ್ದರೆ ಉಸಿರು ಕಟ್ಟಿ ಕೊಳೆಯುತ್ತದೆ. ಎರೆಮಣ್ಣಿಗೆ ಹಾಕಿದರಂತೂ ಕಥೆ ಮುಗಿದಂತೆ. ಬೀದರಿನ ಕೆಂಪು ಮಣ್ಣೂ ಆಗದು.

ಈಗ ಗಿಡವನ್ನು ಕುಂಡದಿಂದ ಹೊರಗೆ ತೆಗೆಯಿರಿ. ಚೆಂದದ ಪಿಂಗಾಣಿ ಕುಂಡದೊಳಗೆ ಇನ್ನೊಂದು ಪ್ಲಾಸ್ಟಿಕ್ ಕುಂಡ ಇರುತ್ತದೆ. ಪಿಂಗಾಣಿಗೆ ತಳದಲ್ಲಿ ತೂತು ಇರುವುದಿಲ್ಲ, ನಿಮ್ಮ ಗ್ಲಾಸು ನೀರು ಅಲ್ಲೇ ನಿಂತಿರುತ್ತದೆ. ಬೇರಿನ ಸುತ್ತಲಿನ ಪಾಚಿಯನ್ನು ಕೈಯಿಂದ ಮೆಲ್ಲಗೆ ಬಿಡಿಸಿ, ಒಂದೊಂದೇ ಬೇರನ್ನು ಎರಡು ಬೆರಳಲ್ಲಿ ಒತ್ತಿ ನೋಡಿ. ಗಟ್ಟಿ ಇದ್ದರೆ ಜೀವಂತ, ಬಣ್ಣ ಸ್ವಲ್ಪ ಮಂಕಾಗಿದ್ದರೂ ಚಿಂತೆಯಿಲ್ಲ. ಒತ್ತಿದಾಗ ಮೆತ್ತಗೆ ಜಗ್ಗಿ, ಮೇಲಿನ ಸಿಪ್ಪೆ ಕಳಚಿ ಕೈಗೆ ಬಂದು ಒಳಗೆ ಬರೀ ನೂಲಿನಂಥ ಎಳೆ ಉಳಿದರೆ ಸತ್ತಿದೆ. ಬ್ಲೇಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಸತ್ತದ್ದನ್ನೆಲ್ಲ ಕತ್ತರಿಸಿ. ಕತ್ತರಿಸಿದ ತುದಿಗಷ್ಟೇ ದಾಲ್ಚಿನ್ನಿ ಪುಡಿ ಮುಟ್ಟಿಸಿ. ಒಳ್ಳೆಯ ಬೇರಿಗೆ ಬಳಿದರೆ ಅದನ್ನೂ ಒಣಗಿಸಿಬಿಡುತ್ತದೆ.

ಹೊಸ ಕುಂಡ ಬೇರು ಹಿಡಿಸುವಷ್ಟೇ ಇರಲಿ, 10ರಿಂದ 12 ಸೆಂ.ಮೀ. ಸಾಕು. ಗಿಡ ದೊಡ್ಡದಾಗಲಿ ಎಂದು ದೊಡ್ಡ ಕುಂಡ ಕೊಟ್ಟರೆ ನಡುಭಾಗ ಆರುವುದೇ ಇಲ್ಲ. ತುಂಬಲು ತೆಂಗಿನ ಸಿಪ್ಪೆಯ ತುಂಡು ಎರಡು ಪಾಲು, ಕಟ್ಟಿಗೆ ಇದ್ದಿಲು ಎರಡು ಪಾಲು, ಇಟ್ಟಿಗೆ ಚೂರು ಒಂದು ಪಾಲು. ಎಲ್ಲವೂ ಸುಮಾರು 2 ಸೆಂ.ಮೀ. ಗಾತ್ರ, ಪುಡಿಯನ್ನು ಜರಡಿ ಹಿಡಿದು ತೆಗೆಯಬೇಕು. ತೆಂಗಿನ ಸಿಪ್ಪೆಯಲ್ಲಿ ಉಪ್ಪಿನಂಶ ಇರುವುದರಿಂದ ಒಂದು ದಿನ ನೆನೆಸಿ, ಮೂರು ಸಲ ನೀರು ಬದಲಿಸಿ. ಇದ್ದಿಲು ಇಸ್ತ್ರಿ ಅಂಗಡಿಯಲ್ಲೇ ಸಿಗುತ್ತದೆ. ಗಿಡ ಅಲುಗಾಡದಂತೆ ಒಂದು ಕಡ್ಡಿಗೆ ಕಟ್ಟಿ, ಎರಡು ಮೂರು ದಿನ ನೀರು ಮುಟ್ಟಿಸಬೇಡಿ, ಗಾಯ ಒಣಗಲಿ.

ಆಮೇಲೆ ನೀರಿಗೆ ದಿನ ಎಣಿಸುವ ಬದಲು ಬೇರಿನ ಬಣ್ಣ ನೋಡಿ. ಪಾರದರ್ಶಕ ಕುಂಡ ಇದ್ದರೆ ಇದು ಸುಲಭ. ಬೇರು ಹಸಿರಿದ್ದರೆ ಬಿಡಿ, ಬೆಳ್ಳಿ ಬಣ್ಣಕ್ಕೆ ತಿರುಗಿದರೆ ಕುಂಡವನ್ನು ಬಕೆಟ್ಟಿನ ನೀರಿನಲ್ಲಿ 10–15 ನಿಮಿಷ ಇಟ್ಟು, ಎತ್ತಿ ಪೂರ್ತಿ ಬಸಿಯಿರಿ. ನಮ್ಮ ಏಪ್ರಿಲ್-ಮೇ ಬಿಸಿಗೆ ಇದು ಮೂರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ, ಮಳೆಗಾಲ ಚಳಿಗಾಲದಲ್ಲಿ ವಾರ ದಾಟಬಹುದು. ಬೆಳಿಗ್ಗೆಯೇ ಕೊಡಿ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಹತ್ತಿಯಿಂದ ಹೀರಿ ತೆಗೆಯಿರಿ. ಸುಳಿ ಕೊಳೆತರೆ ಗಿಡ ಉಳಿಯುವುದು ಕಷ್ಟ.

ಯಾವ ನೀರು ಅನ್ನುವುದೂ ಮುಖ್ಯ. ಸೇಡಂ, ಶಹಾಬಾದ್, ವಾಡಿ ಕಡೆ ಕಾಲಡಿ ಇರುವುದೇ ಸುಣ್ಣದಕಲ್ಲು, ಬೋರಿನ ನೀರು ಗಡಸು. ಬೇರಿನ ಮೇಲೆ, ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿದರೆ ಅದೇ ಕಾರಣ. ಮಳೆನೀರು, ಆರ್‌ಒ ನೀರು, ಎಸಿಯಿಂದ ತೊಟ್ಟಿಕ್ಕುವ ನೀರು ಮೂರೂ ನಡೆಯುತ್ತವೆ. ಆದರೆ ಆರ್‌ಒ ಯಂತ್ರ ಹೊರಹಾಕುವ ನೀರು ಬೇಡ, ಅದರಲ್ಲಿ ಉಪ್ಪು ಇನ್ನೂ ಹೆಚ್ಚು. ಮಧ್ಯಾಹ್ನ ಮಾಳಿಗೆ ಟ್ಯಾಂಕಿನಿಂದ ಕೈ ಸುಡುವಂತೆ ಬರುವ ನೀರನ್ನು ನೇರ ಹಾಕಬೇಡಿ. ಹಿಂದಿನ ರಾತ್ರಿಯೇ ಹಿಡಿದಿಡಿ.

ಇನ್ನು ಬಿಸಿಲಿನ ಮಾತು. ಈ ಗಿಡಕ್ಕೆ ಹಿತವೆನಿಸುವುದು 18ರಿಂದ 30 ಡಿಗ್ರಿ. ನಮ್ಮಲ್ಲಿ 40 ದಾಟುತ್ತದೆ. ಆದರೂ ನೆರಳು, ಗಾಳಿಯಲ್ಲಿ ತೇವ ಇದ್ದರೆ ಆ ಎರಡು ತಿಂಗಳು ತಳ್ಳುತ್ತದೆ, ಬೆಳೆಯದಿದ್ದರೂ ಸಾಯುವುದಿಲ್ಲ. ಹೊರಗೆ ಹಾಕಿಸಿದ ವಾಟರ್ ಕೂಲರ್ ಇಲ್ಲಿ ವರದಾನ. ಅದು ಒಣಗಾಳಿಗೆ ತೇವ ಸೇರಿಸುತ್ತದೆ; ಎಸಿ ಇದ್ದ ತೇವವನ್ನೂ ಹಿಂಡಿ ತೆಗೆಯುತ್ತದೆ. ಗಿಡ ಕೂಲರ್ ಇರುವ ಕೋಣೆಯಲ್ಲೇ ಇರಲಿ, ಗಾಳಿ ನೇರ ಹೊಡೆಯದ ಮೂಲೆಯಲ್ಲಿ, ಶಹಾಬಾದ್ ಫರಸಿಯ ತಂಪು ನೆಲದ ಹತ್ತಿರ. ಮೇಲಂತಸ್ತು, ಪಶ್ಚಿಮದ ಕಿಟಕಿ ಬೇಡ. ಪೂರ್ವದ ಕಿಟಕಿಯ ಎಳೆಬಿಸಿಲು ಸಾಕು. ಎಲೆ ಕಡುಹಸಿರಾದರೆ ಬೆಳಕು ಕಡಿಮೆ, ಅಂಚು ಕೆಂಪೇರಿದರೆ ಹೆಚ್ಚು. ಒಣಗಾಳಿಯಲ್ಲಿ ಎಲೆಯ ಹಿಂದೆ ನುಸಿ ಬರುತ್ತದೆ, ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎರಡೂ ಬದಿ ಒರೆಸಿ.

ಗೊಬ್ಬರಕ್ಕೆ ತೊಗರಿಗೆ ಸಿಂಪಡಿಸಲು ತರುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು ಇರುವ ಗೊಬ್ಬರ) ಸಾಕು, ಲೀಟರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ, ಅದೂ ಹೊಸ ಬೇರು ಕಂಡ ಮೇಲೆ. ಬೇರಿಲ್ಲದ ಗಿಡಕ್ಕೆ ಗೊಬ್ಬರ ಕೊಟ್ಟರೆ ಸುಡುತ್ತದೆ.

ಸುಕ್ಕಾದ ಹಳೆಯ ಎಲೆ ಮೊದಲಿನಂತೆ ಆಗಲಿಕ್ಕಿಲ್ಲ, ಅದಕ್ಕೆ ಗಾಬರಿ ಬೇಡ. ಗಿಡ ಚೇತರಿಸಿಕೊಂಡ ಗುರುತು ಹಸಿರು ತುದಿಯ ಹೊಸ ಬೇರು, ನಡುವಿನಿಂದ ಬರುವ ಗಟ್ಟಿ ಎಲೆ.

ಮತ್ತೆ ಹೂವು ಬೇಕೆಂದರೆ ಚಳಿ ಬೇಕು. ನಾಲ್ಕರಿಂದ ಆರು ವಾರ ರಾತ್ರಿಯ ಉಷ್ಣತೆ 18 ಡಿಗ್ರಿಯ ಆಸುಪಾಸಿಗೆ ಇಳಿದರೆ ಹೂದಂಡು ಹೊರಡುತ್ತದೆ. ಡಿಸೆಂಬರ್-ಜನವರಿಯಲ್ಲಿ ಕಿಟಕಿ ಮುಚ್ಚಿದ ಬೆಚ್ಚನೆಯ ಕೋಣೆಯಲ್ಲಿಟ್ಟರೆ ಆ ಚಳಿ ಅದಕ್ಕೆ ತಾಕುವುದೇ ಇಲ್ಲ. ರಾತ್ರಿ ಕಿಟಕಿ ತೆರೆದಿಡಿ, ಇಲ್ಲವೇ ವರಾಂಡಕ್ಕೆ ತನ್ನಿ. ಎತ್ತರದಲ್ಲಿರುವ ಬೀದರಿನವರಿಗೆ ಇದು ಕಲಬುರಗಿ, ಯಾದಗಿರಿಗಿಂತ ಸುಲಭ. ದಂಡು ಕಂಡ ಮೇಲೆ ಮೊಗ್ಗು ಅರಳಲು ಸುಮಾರು ಮೂರು ತಿಂಗಳು. ಅಷ್ಟರಲ್ಲಿ ಮಾವಿನ ಕಾಲ ಬಂದಿರುತ್ತದೆ. ಹಣ್ಣಾಗಲು ಹುಲ್ಲಿನಲ್ಲಿಟ್ಟ ಮಾವಿನಕಾಯಿ ಎಥಿಲೀನ್ ಅನಿಲ ಬಿಡುತ್ತದೆ, ಅದಕ್ಕೆ ಮೊಗ್ಗು ಹಳದಿಯಾಗಿ ಉದುರುತ್ತದೆ. ಮಾವನ್ನು ಬೇರೆ ಕೋಣೆಯಲ್ಲಿಡಿ.