ಹಾರ್ಮೋನು, ವೈರಸ್ ಮತ್ತು ಮೂತ್ರಪಿಂಡ: ಎರಡು ಅಧ್ಯಾಯಗಳನ್ನು ಕೂಡಿಸಿ ಓದಲು ಒಂದು ಟಿಪ್ಪಣಿ

ಮೂತ್ರಪಿಂಡದ ಹಾರ್ಮೋನುಗಳನ್ನು ನಾವು ಶರೀರಕ್ರಿಯಾಶಾಸ್ತ್ರದಲ್ಲಿ ಓದುತ್ತೇವೆ, ವೈರಸ್‌ಗಳನ್ನು ಸೂಕ್ಷ್ಮಜೀವಿಶಾಸ್ತ್ರದಲ್ಲಿ. ನಡುವೆ ಒಂದು ವರ್ಷದ ಅಂತರವಿರುವುದರಿಂದ ಎರಡೂ ವಿಷಯಗಳು ಕೊನೆಗೆ ಒಂದೇ ಜಾಗಕ್ಕೆ ಬಂದು ಸೇರುತ್ತವೆ ಎಂಬುದು ಗಮನಕ್ಕೆ ಬರುವುದಿಲ್ಲ. ಆ ಜಾಗ ಎರಡು ಬಗೆಯ ಜೀವಕೋಶಗಳು. ಮೊದಲನೆಯದು ಪೋಡೋಸೈಟ್, ಸೋಸುವ ಲೋಮನಾಳಗಳ ಹೊರಮೈಯನ್ನು ತನ್ನ ಪಾದಗಳಿಂದ ತಬ್ಬಿಕೊಂಡಿರುವ ಕೋಶ. ಎರಡನೆಯದು ಪ್ರಾಕ್ಸಿಮಲ್ ನಾಳಿಕೆಯ ಕೋಶ. ಸೋಸಿ ಬಂದದ್ದರ ಬಹುಪಾಲನ್ನು ರಕ್ತಕ್ಕೆ ಹಿಂದಿರುಗಿಸುವ ಕೋಶ. ಯಾವ ಕಾಯಿಲೆಯ ಹೆಸರು ಎದುರಾದರೂ ‘ಪೆಟ್ಟು ಯಾವ ಕೋಶಕ್ಕೆ ಬಿತ್ತು, ಹೇಗೆ ಬಿತ್ತು’ ಎಂದು ಕೇಳಿಕೊಂಡರೆ ಉರುಹೊಡೆಯುವ ಅಗತ್ಯ ಅರ್ಧದಷ್ಟು ತಗ್ಗುತ್ತದೆ ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಈ ಟಿಪ್ಪಣಿಯನ್ನು ಹಾಗೆಯೇ ಕಟ್ಟಿದ್ದೇನೆ.

ಮೊದಲು ಕೆಲವು ಅಂಕಿಗಳು. ಒಂದೊಂದು ಮೂತ್ರಪಿಂಡದಲ್ಲಿ ಸರಿಸುಮಾರು 10 ಲಕ್ಷ ನೆಫ್ರಾನ್‌ಗಳಿವೆ, ಅಂದರೆ ಸೋಸುವ ಘಟಕಗಳು. ಹೃದಯ ಹೊರದೂಡುವ ರಕ್ತದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಈ ಎರಡು ಪುಟ್ಟ ಅಂಗಗಳಿಗೆ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಲ್ಪಡುತ್ತದೆ, ಮೂತ್ರವಾಗಿ ಹೊರಬೀಳುವುದು ಒಂದೆರಡು ಲೀಟರ್ ಮಾತ್ರ. ಇಷ್ಟು ಸೋಸಬೇಕಾದರೆ ಗ್ಲಾಮೆರ್ಯುಲಸ್‌ನ (ನೆಫ್ರಾನ್‌ನ ಆರಂಭದಲ್ಲಿರುವ, ಸೋಸುವ ಲೋಮನಾಳಗಳ ಗೊಂಚಲಿನ) ಲೋಮನಾಳಗಳೊಳಗೆ ದೇಹದ ಇತರ ಲೋಮನಾಳಗಳಲ್ಲಿ ಇಲ್ಲದಷ್ಟು ಒತ್ತಡ ಇರಲೇಬೇಕು. ಹಾರ್ಮೋನುಗಳ ಕಥೆ ಶುರುವಾಗುವುದು ಈ ಒತ್ತಡದಿಂದ.

ರೆನಿನ್‌ನಿಂದ ಆಲ್ಡೋಸ್ಟೆರಾನ್‌ವರೆಗೆ

1898ರಲ್ಲಿ ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ರಾಬರ್ಟ್ ಟಿಗರ್‌ಸ್ಟೆಡ್ ಮತ್ತು ಪೆರ್ ಬರ್ಗ್‌ಮನ್ ಅವರು ಮೊಲದ ಮೂತ್ರಪಿಂಡದ ಸಾರವನ್ನು ಮತ್ತೊಂದು ಮೊಲಕ್ಕೆ ಚುಚ್ಚಿದಾಗ ಅದರ ರಕ್ತದೊತ್ತಡ ಏರಿತು. ಆ ಸಾರದಲ್ಲಿದ್ದ ವಸ್ತುವಿಗೆ ಅವರು ರೆನಿನ್ ಎಂದು ಹೆಸರಿಟ್ಟರು. ಮೂತ್ರಪಿಂಡ ತನಗೆ ಬರುವ ರಕ್ತದ ಒತ್ತಡವನ್ನು ತಾನೇ ಅಳೆದು ತಾನೇ ತಿದ್ದುತ್ತದೆ ಎಂಬ ತಿಳಿವಳಿಕೆಯ ಬೇರು ಅಲ್ಲಿದೆ.

ರೆನಿನ್ ಬಿಡುಗಡೆಗೆ ಮೂರು ಪ್ರಚೋದನೆಗಳಿವೆ: ಒಳಬರುವ ಕಿರುಧಮನಿಯಲ್ಲಿ ಒತ್ತಡ ಇಳಿಯುವುದು, ನಾಳಿಕೆಯಲ್ಲಿ ಉಪ್ಪನ್ನು ಅಳೆಯುವ ಮ್ಯಾಕ್ಯುಲಾ ಡೆನ್ಸಾ ಕೋಶಗಳಿಗೆ ತಲುಪುವ ಉಪ್ಪಿನಂಶ ಕಡಿಮೆಯಾಗುವುದು, ಸಿಂಪಥೆಟಿಕ್ ನರಗಳ ಚುರುಕು. ಯಕೃತ್ತು ತಯಾರಿಸುವ ಆಂಜಿಯೋಟೆನ್ಸಿನೋಜನ್‌ನನ್ನು ರೆನಿನ್ ಕತ್ತರಿಸಿದಾಗ ಆಂಜಿಯೋಟೆನ್ಸಿನ್ 1 ಬರುತ್ತದೆ. ಎಸಿಇ ಎಂಬ ಕಿಣ್ವ, ಮುಖ್ಯವಾಗಿ ಶ್ವಾಸಕೋಶದ ರಕ್ತನಾಳಗಳಲ್ಲಿ, ಅದನ್ನು ಆಂಜಿಯೋಟೆನ್ಸಿನ್ 2 ಮಾಡುತ್ತದೆ. ಈ ಅಣು ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಬಾಯಾರಿಕೆ ಹುಟ್ಟಿಸುತ್ತದೆ, ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟೆರಾನ್ ಹೊರಡಿಸಿ ಸೋಡಿಯಂ ಉಳಿಸುತ್ತದೆ.

ಇಷ್ಟು ಎಲ್ಲರಿಗೂ ಬಾಯಿಗೆ ಬರುತ್ತದೆ. ಆದರೆ ಅಂಕ ಬರುವುದೂ ರೋಗಿಯ ಹಾಸಿಗೆಯ ಬಳಿ ಉಪಯೋಗಕ್ಕೆ ಬರುವುದೂ ಮುಂದಿನ ಒಂದು ವಿವರ: ಆಂಜಿಯೋಟೆನ್ಸಿನ್ 2 ಒಳಬರುವ ಕಿರುಧಮನಿಗಿಂತ ಹೊರಹೋಗುವ ಕಿರುಧಮನಿಯನ್ನು ಹೆಚ್ಚು ಬಿಗಿಮಾಡುತ್ತದೆ. ಮೈತುಂಬ ಸಣ್ಣ ತೂತುಗಳಿರುವ ರಬ್ಬರ್ ಪೈಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದರೆ, ಬರುವ ನೀರು ಕಡಿಮೆಯಿದ್ದರೂ ತೂತುಗಳಿಂದ ಹನಿ ಚಿಮ್ಮುತ್ತಲೇ ಇರುತ್ತದೆ. ನಿರ್ಜಲೀಕರಣವಾದಾಗ, ರಕ್ತಸ್ರಾವವಾದಾಗ ಮೂತ್ರಪಿಂಡ ಉಳಿದುಕೊಳ್ಳುವುದು ಹೀಗೆ. ಒಳಹರಿವು ಇಳಿದರೂ ಸೋಸುವಿಕೆ ನಿಲ್ಲುವುದಿಲ್ಲ.

ಕೆಲವು ಗಂಟೆಗಳ ಮಟ್ಟಿಗೆ ಜೀವ ಉಳಿಸುವ ಇದೇ ಉಪಾಯ ವರ್ಷಗಟ್ಟಲೆ ನಡೆದರೆ ಸೋಸುವ ಪೊರೆಯನ್ನೇ ಹಾಳುಮಾಡುತ್ತದೆ. ಮಧುಮೇಹದಲ್ಲಿ ಆಗುವುದು ಬಹುಮಟ್ಟಿಗೆ ಇದೇ. ಎಡೆಬಿಡದ ಒತ್ತಡಕ್ಕೆ ಪೋಡೋಸೈಟ್‌ಗಳು ಕಳಚಿ ಬೀಳುತ್ತವೆ. ಬೆಳೆದ ಪೋಡೋಸೈಟ್ ವಿಭಜನೆ ಹೊಂದಿ ತನ್ನ ಜಾಗವನ್ನು ತುಂಬಿಕೊಳ್ಳಲಾರದು. ಆದ್ದರಿಂದ ಕಳೆದುಕೊಂಡದ್ದು ಬಹುತೇಕ ಕಳೆದುಕೊಂಡಂತೆಯೇ. ತೆರವಾದ ಕಡೆ ರಕ್ತದ ಮುಖ್ಯ ಪ್ರೋಟೀನಾದ ಆಲ್ಬುಮಿನ್ ಸೋರುತ್ತದೆ. ಸೋರಿದ ಪ್ರೋಟೀನನ್ನು ಹೀರಿಕೊಳ್ಳಲು ಹೆಣಗುವ ನಾಳಿಕೆಯ ಕೋಶಗಳು ಉರಿಯೂತದ ಸಂಕೇತಗಳನ್ನು ಹೊರಡಿಸುತ್ತವೆ. ಆಂಜಿಯೋಟೆನ್ಸಿನ್ 2 ಮತ್ತು ಆಲ್ಡೋಸ್ಟೆರಾನ್ ಎರಡೂ ಟಿಜಿಎಫ್-ಬೀಟಾದಂಥ (ಗಾಯದ ನಾರನ್ನು ಬೆಳೆಸುವ ಸಂಕೇತ ಪ್ರೋಟೀನ್) ಅಂಶಗಳನ್ನು ಹೆಚ್ಚಿಸಿ ನಾರುಗಟ್ಟುವಿಕೆಯನ್ನು ನೇರವಾಗಿಯೂ ಬೆಳೆಸುತ್ತವೆ. ಹಾರ್ಮೋನಿನ ವಿಷಯದಲ್ಲಿ ‘ಒಳ್ಳೆಯದೋ ಕೆಟ್ಟದ್ದೋ’ ಎಂಬ ಪ್ರಶ್ನೆಯನ್ನು ಬಿಟ್ಟು ‘ಎಷ್ಟು ಕಾಲ’ ಎಂದು ಕೇಳಬೇಕಾದುದು ಇದಕ್ಕಾಗಿ.

ಈ ಅರಿವಿನಿಂದಲೇ ಔಷಧಗಳು ಬಂದವು. ಬ್ರೆಜಿಲ್‌ನ ಜರರಾಕಾ ಹಾವಿನ ವಿಷದಲ್ಲಿದ್ದ ಪೆಪ್ಟೈಡ್‌ಗಳು ಎಸಿಇಯನ್ನು ತಡೆಯುತ್ತವೆಂದು ತಿಳಿದ ಮೇಲೆ ಕ್ಯಾಪ್ಟೊಪ್ರಿಲ್ ಎಂಬ ಎಸಿಇ ಪ್ರತಿಬಂಧಕ ರೂಪುಗೊಂಡು 1981ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಪಡೆಯಿತು. ಟೈಪ್ 1 ಮಧುಮೇಹದ ಮೂತ್ರಪಿಂಡ ರೋಗವನ್ನು ಅದು ನಿಧಾನಗೊಳಿಸುತ್ತದೆ ಎಂದು 1993ರ ಪ್ರಯೋಗ ತೋರಿಸಿತು. ಈ ಔಷಧ ಶುರುಮಾಡಿದ ಮೊದಲ ವಾರಗಳಲ್ಲಿ ರಕ್ತದ ಕ್ರಿಯಾಟಿನಿನ್ (ಸೋಸುವಿಕೆ ತಗ್ಗಿದಾಗ ರಕ್ತದಲ್ಲಿ ಏರುವ ತ್ಯಾಜ್ಯ) ತುಸು ಏರುವುದುಂಟು. ಹೊರಹೋಗುವ ಕಿರುಧಮನಿ ಸಡಿಲವಾಗಿ ಒಳಗಿನ ಒತ್ತಡ ಇಳಿದುದರ ಗುರುತು ಅದು. ಏರಿಕೆ ಶೇ 30ರೊಳಗಿದ್ದರೆ ಸಾಮಾನ್ಯವಾಗಿ ಔಷಧವನ್ನು ಮುಂದುವರಿಸುತ್ತಾರೆ. ಅದಕ್ಕೂ ಮೀರಿದರೆ ಮೂತ್ರಪಿಂಡದ ಎರಡೂ ಧಮನಿಗಳು ಕಿರಿದಾಗಿರಬಹುದೇ, ದೇಹದಲ್ಲಿ ದ್ರವ ಕಡಿಮೆಯಾಗಿದೆಯೇ ಎಂದು ಹುಡುಕಬೇಕು.

ಉಳಿದ ಹಾರ್ಮೋನುಗಳನ್ನು ಬೇಗ ಮುಗಿಸೋಣ. ವ್ಯಾಸೊಪ್ರೆಸಿನ್ ಸಂಗ್ರಾಹಕ ನಾಳದ ವಿ2 ಗ್ರಾಹಕಕ್ಕೆ ಅಂಟಿ ಅಕ್ವಾಪೊರಿನ್-2 ಕಾಲುವೆಗಳನ್ನು ಕೋಶದ ಪೊರೆಗೆ ತರುತ್ತದೆ, ನೀರು ಹಿಂದಿರುಗುತ್ತದೆ. ಕೆಂಪು ರಕ್ತಕಣಗಳ ಉತ್ಪತ್ತಿಗೆ ಬೇಕಾದ ಎರಿಥ್ರೊಪೊಯೆಟಿನ್ ನಾಳಿಕೆಗಳ ಸುತ್ತಲಿನ ಅಂಗಾಂಶದ ಕೋಶಗಳಲ್ಲಿ ಹುಟ್ಟುತ್ತದೆ. ಆ ಅಂಗಾಂಶ ನಾರುಗಟ್ಟಿದಾಗ ರಕ್ತಹೀನತೆ ಬರುವುದು ಸಹಜ. ವಿಟಮಿನ್ ಡಿಯ ಕೊನೆಯ ಸಕ್ರಿಯಗೊಳಿಸುವಿಕೆ ನಡೆಯುವುದು ನಮ್ಮ ಅದೇ ಪ್ರಾಕ್ಸಿಮಲ್ ನಾಳಿಕೆಯಲ್ಲಿ. ಹೃದಯದ ಮೇಲ್ಕೋಣೆಗಳಿಂದ ಬರುವ ನೇಟ್ರಿಯುರೆಟಿಕ್ ಪೆಪ್ಟೈಡ್ ಮಾತ್ರ ರೆನಿನ್ ವ್ಯವಸ್ಥೆಯ ವಿರುದ್ಧ ದಿಕ್ಕಿನಲ್ಲಿ ಎಳೆಯುತ್ತದೆ, ಸೋಡಿಯಂ ಹೊರಹಾಕುತ್ತದೆ.

ಎರಡೂ ಅಧ್ಯಾಯಗಳು ಕೂಡುವ ಅಣು

2000ದಲ್ಲಿ ಎಸಿಇಯ ಸೋದರ ಕಿಣ್ವವೊಂದು ಪತ್ತೆಯಾಯಿತು: ಎಸಿಇ2. ಇದು ಆಂಜಿಯೋಟೆನ್ಸಿನ್ 2ನ್ನು ಕತ್ತರಿಸಿ ಆಂಜಿಯೋಟೆನ್ಸಿನ್ 1-7 ಎಂಬ ತುಂಡನ್ನು ಮಾಡುತ್ತದೆ. ಆ ತುಂಡು ಮಾಸ್ ಗ್ರಾಹಕದ ಮೂಲಕ ರಕ್ತನಾಳಗಳನ್ನು ಸಡಿಲಿಸುತ್ತದೆ, ಉರಿಯೂತವನ್ನು ತಗ್ಗಿಸುತ್ತದೆ. ಅಂದರೆ ರೆನಿನ್ ವ್ಯವಸ್ಥೆಯೊಳಗೇ ಅದರ ಕಡಿವಾಣವೂ ಇದೆ. ಪ್ರಾಕ್ಸಿಮಲ್ ನಾಳಿಕೆಯ ಒಳಮೈಯಲ್ಲಿ ಎಸಿಇ2 ಯಥೇಚ್ಛವಾಗಿದೆ.

2003ರಲ್ಲಿ ಸಾರ್ಸ್ ವೈರಸ್ ಕೋಶಕ್ಕೆ ಹೊಗಲು ಇದೇ ಎಸಿಇ2 ಅನ್ನು ಹಿಡಿದುಕೊಳ್ಳುತ್ತದೆ ಎಂದು ತಿಳಿಯಿತು. ಕೋವಿಡ್-19ರ ವೈರಸ್ಸಿಗೂ ಅದೇ ದಾರಿ. 2020ರ ಆರಂಭದಲ್ಲಿ ಒಂದು ದೊಡ್ಡ ಆತಂಕ ಹುಟ್ಟಿತು: ಎಸಿಇ ಪ್ರತಿಬಂಧಕಗಳನ್ನು ಸೇವಿಸುವವರಲ್ಲಿ ಎಸಿಇ2 ಹೆಚ್ಚಿ ವೈರಸ್ಸಿಗೆ ಬಾಗಿಲು ಅಗಲವಾಗುವುದೇ? ಔಷಧವನ್ನು ನಿಲ್ಲಿಸಿದವರನ್ನೂ ಮುಂದುವರಿಸಿದವರನ್ನೂ ಯಾದೃಚ್ಛಿಕವಾಗಿ ಹೋಲಿಸಿದ ಪ್ರಯೋಗಗಳು, ಅವುಗಳಲ್ಲಿ ಬ್ರೆಜಿಲ್‌ನದು ಮುಖ್ಯವಾದುದು, ನಿಲ್ಲಿಸಿದ್ದರಿಂದ ಯಾವ ಲಾಭವೂ ಇಲ್ಲವೆಂದು ತೋರಿಸಿದವು. ಕಾಗದದ ಮೇಲೆ ಎಷ್ಟೇ ಅಚ್ಚುಕಟ್ಟಾಗಿ ಕಂಡರೂ ಒಂದು ತರ್ಕವನ್ನು ರೋಗಿಗಳಲ್ಲಿ ಪರೀಕ್ಷಿಸದೆ ಒಪ್ಪಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಕೋವಿಡ್‌ನಲ್ಲಿ ಮೂತ್ರಪಿಂಡಕ್ಕೆ ಆದ ಹಾನಿಯ ಬಹುಪಾಲು ನಾಳಿಕೆಗಳಿಗೆ ಬಿದ್ದ ಹಠಾತ್ ಪೆಟ್ಟು. ಕಡಿಮೆ ರಕ್ತದೊತ್ತಡ, ಆಮ್ಲಜನಕದ ಕೊರತೆ, ತೀವ್ರ ಉರಿಯೂತ, ಸೂಕ್ಷ್ಮ ರಕ್ತಹೆಪ್ಪುಗಳು ಸೇರಿ ಅದನ್ನು ಉಂಟುಮಾಡಿದವು. ವೈರಸ್ ತಾನೇ ನಾಳಿಕೆಯ ಕೋಶಗಳಿಗೆ ಎಷ್ಟರಮಟ್ಟಿಗೆ ಸೋಂಕು ತಗುಲಿಸಿತು ಎಂಬ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. ಪರೀಕ್ಷೆಯಲ್ಲಿ ‘ಎಸಿಇ2 ಇದೆ, ಆದ್ದರಿಂದ ನೇರ ಸೋಂಕು’ ಎಂದು ಬರೆದು ಮುಗಿಸಬೇಡಿ.

ವೈರಸ್ ಮೂರು ಬಗೆಯಲ್ಲಿ ಹೊಡೆಯುತ್ತದೆ

ಕೋಶದೊಳಗೆ ಹೊಕ್ಕು ಹಾನಿ ಮಾಡುವುದು ಒಂದು ಬಗೆ. ಎಚ್‌ಐವಿ ಇದರ ಮಾದರಿ. 1984ರಲ್ಲಿ ಮೊದಲು ವರದಿಯಾದ ಎಚ್‌ಐವಿ ನೆಫ್ರೋಪತಿಯಲ್ಲಿ (ನೆಫ್ರೋಪತಿ ಎಂದರೆ ಮೂತ್ರಪಿಂಡ ರೋಗ) ವೈರಸ್ಸಿನ ನೆಫ್, ವಿಪಿಆರ್ ಎಂಬ ಪ್ರೋಟೀನುಗಳು ಪೋಡೋಸೈಟ್‌ನ ಪಕ್ವತೆಯನ್ನು ಕೆಡಿಸುತ್ತವೆ. ವಿಭಜನೆ ಮರೆತಿದ್ದ ಕೋಶ ಹೆಚ್ಚತೊಡಗುತ್ತದೆ, ಅದರ ಕೆಳಗಿನ ಲೋಮನಾಳಗಳ ಗೊಂಚಲು ಕುಸಿಯುತ್ತದೆ. ಕುಸಿಯುವ ಗ್ಲಾಮೆರ್ಯುಲಸ್ ರೋಗ ಎಂದರೆ ಇದು. ಪ್ರೋಟೀನ್ ಧಾರಾಳವಾಗಿ ಸೋರುತ್ತದೆ, ಮೂತ್ರಪಿಂಡ ತಿಂಗಳುಗಳಲ್ಲಿ ವಿಫಲವಾಗಬಹುದು.

ಇಲ್ಲಿ ನಿಲ್ಲಬೇಕಾದ ಸಂಗತಿಯೊಂದಿದೆ. ಈ ಕಾಯಿಲೆ ಹೆಚ್ಚಾಗಿ ಪಶ್ಚಿಮ ಆಫ್ರಿಕಾ ಮೂಲದವರಲ್ಲಿ ಏಕೆ ಎಂಬುದಕ್ಕೆ 2010ರಲ್ಲಿ ಉತ್ತರ ಸಿಕ್ಕಿತು: ಎಪಿಒಎಲ್1 ಜೀನಿನ ಜಿ1, ಜಿ2 ರೂಪಗಳು. ನಿದ್ರಾರೋಗ ತರುವ ಟ್ರಿಪನೊಸೋಮಾದಿಂದ ರಕ್ಷಣೆ ನೀಡುತ್ತಿದ್ದುದರಿಂದ ಅವು ಅಲ್ಲಿ ಉಳಿದು ಹರಡಿದವು. ತಂದೆತಾಯಿ ಇಬ್ಬರಿಂದಲೂ ಅಪಾಯದ ಪ್ರತಿ ಬಂದವರಿಗೆ ಅಪಾಯ ಹೆಚ್ಚು. ವೈರಸ್ ಸೋಂಕಿಗೆ ದೇಹ ಬಿಡುಗಡೆ ಮಾಡುವ ಇಂಟರ್‌ಫೆರಾನ್ ಈ ಜೀನಿನ ಅಭಿವ್ಯಕ್ತಿಯನ್ನು ಏರಿಸುತ್ತದೆ. ಹಾಗಾಗಿ ವೈರಸ್ ಪೋಡೋಸೈಟನ್ನು ಮುಟ್ಟದಿದ್ದರೂ ಅದೇ ಕುಸಿತ ಆಗಬಲ್ಲದು. ಕೋವಿಡ್‌ನಲ್ಲಿ ಕಂಡ ಕುಸಿಯುವ ರೋಗದ ಪ್ರಕರಣಗಳ ಬಹುಪಾಲು ಈ ಜೀನ್ ರೂಪದವರಲ್ಲೇ ಇದ್ದವು. ಎಚ್‌ಐವಿ ನೆಫ್ರೋಪತಿಗೆ ಮುಖ್ಯ ಚಿಕಿತ್ಸೆ ವೈರಸ್ ನಿಗ್ರಹಿಸುವ ಔಷಧಗಳು. ಜೊತೆಗೆ ಪ್ರೋಟೀನ್ ಸೋರಿಕೆ ತಗ್ಗಿಸಲು ಎಸಿಇ ಪ್ರತಿಬಂಧಕ. ಹಾರ್ಮೋನಿನ ಅಧ್ಯಾಯ ವೈರಸ್ಸಿನ ಅಧ್ಯಾಯಕ್ಕೆ ಮರಳಿ ಬರುವುದನ್ನು ಗಮನಿಸಿ.

ನೇರ ದಾಳಿಯ ಇನ್ನೊಂದು ಉದಾಹರಣೆ ಬಿಕೆ ವೈರಸ್. 1971ರಲ್ಲಿ ಮೂತ್ರಪಿಂಡ ಕಸಿ ಮಾಡಿಸಿಕೊಂಡ ರೋಗಿಯೊಬ್ಬರ ಮೂತ್ರದಲ್ಲಿ ಸಿಕ್ಕಿತು. ಬಹುಪಾಲು ಜನರಲ್ಲಿ ಸುಪ್ತವಾಗಿರುವ ಇದು ರೋಗನಿರೋಧಕ ಶಕ್ತಿಯನ್ನು ಔಷಧದಿಂದ ತಗ್ಗಿಸಿದಾಗ ನಾಳಿಕೆಯ ಕೋಶಗಳಲ್ಲಿ ತಲೆಯೆತ್ತುತ್ತದೆ. ಆ ಔಷಧದ ಪ್ರಮಾಣ ಇಳಿಸುವುದೇ ಮೊದಲ ಹೆಜ್ಜೆ.

ಎರಡನೆಯ ಬಗೆಯಲ್ಲಿ ಹಾನಿ ಮಾಡುವುದು ಪ್ರತಿಜನಕ-ಪ್ರತಿಕಾಯಗಳ ಗಂಟುಗಳು. ಹೆಪಟೈಟಿಸ್ ಬಿಯಲ್ಲಿ, ವಿಶೇಷವಾಗಿ ಮಕ್ಕಳಲ್ಲಿ, ಮೆಂಬ್ರೇನಸ್ ನೆಫ್ರೋಪತಿ, ಅಂದರೆ ಸೋಸುವ ಪೊರೆ ದಪ್ಪಗಾಗುವ ರೋಗ. ಲಸಿಕೆ ವ್ಯಾಪಕವಾದ ಕಡೆ ಅದು ಇಳಿದಿದೆ. ಹೆಪಟೈಟಿಸ್ ಸಿಯಲ್ಲಿ ತಣ್ಣಗಾದಾಗ ಗರಣೆಗಟ್ಟುವ ಕ್ರಯೊಗ್ಲಾಬ್ಯುಲಿನ್ ಎಂಬ ಪ್ರತಿಕಾಯಗಳು ಗ್ಲಾಮೆರ್ಯುಲಸ್‌ನಲ್ಲಿ ಸಿಕ್ಕಿಕೊಳ್ಳುತ್ತವೆ. ರಕ್ತದಲ್ಲಿ ಸಿ4 (ರೋಗನಿರೋಧಕ ವ್ಯವಸ್ಥೆಯ ಕಾಂಪ್ಲಿಮೆಂಟ್ ಪ್ರೋಟೀನುಗಳಲ್ಲೊಂದು) ಎದ್ದುಕಾಣುವಷ್ಟು ಕಡಿಮೆಯಿರುತ್ತದೆ.

ಮೂರನೆಯದು ರಕ್ತನಾಳಗಳ ಸೋರಿಕೆ. 1978ರಲ್ಲಿ ಕೊರಿಯಾದಲ್ಲಿ ಪ್ರತ್ಯೇಕಿಸಿದ, ಹಂಟಾನ್ ನದಿಯ ಹೆಸರು ಹೊತ್ತ ಹಂಟಾವೈರಸ್ ಇಲಿಜಾತಿಯ ಪ್ರಾಣಿಗಳಿಂದ ಹರಡುತ್ತದೆ. ಜ್ವರ, ರಕ್ತದೊತ್ತಡದ ಕುಸಿತ, ಮೂತ್ರ ತಗ್ಗುವುದು, ಆಮೇಲೆ ಮೂತ್ರ ಅತಿಯಾಗಿ ಹೋಗುವುದು, ಚೇತರಿಕೆ ಎಂಬ ಕ್ರಮ ಇದರದು. ಡೆಂಗಿಯಲ್ಲೂ ಪ್ಲಾಸ್ಮಾ ನಾಳಗಳಿಂದ ಹೊರಸೋರುತ್ತದೆ. ಇಲ್ಲಿ ವೈರಸ್ ಮೂತ್ರಪಿಂಡವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ರಕ್ತದ ಪ್ರಮಾಣ ಇಳಿದರೆ ರೆನಿನ್, ವ್ಯಾಸೊಪ್ರೆಸಿನ್ ಎರಡೂ ಏರುತ್ತವೆ, ಆ ರಕ್ಷಣೆಗೂ ಮಿತಿಯಿದೆ.

ವೈರಸ್ ವಿರುದ್ಧದ ಔಷಧಗಳನ್ನೂ ಮರೆಯಬಾರದು. ಟೆನೊಫೊವಿರ್‌ನ ಹಳೆಯ ರೂಪ ಪ್ರಾಕ್ಸಿಮಲ್ ನಾಳಿಕೆಯನ್ನು ಕೆಡಿಸಿ ಗ್ಲೂಕೋಸ್, ಫಾಸ್ಫೇಟ್ ಸೋರುವಂತೆ ಮಾಡಬಲ್ಲದು. ರಕ್ತನಾಳಕ್ಕೆ ಬೇಗ ಕೊಟ್ಟ ಅಸೈಕ್ಲೊವಿರ್ ನಾಳಿಕೆಗಳಲ್ಲಿ ಹರಳಾಗಬಲ್ಲದು.

ಒಂದು ಅಭ್ಯಾಸ ಪ್ರಶ್ನೆ

ಅಧಿಕ ರಕ್ತದೊತ್ತಡಕ್ಕೆ ಎಸಿಇ ಪ್ರತಿಬಂಧಕ ಮತ್ತು ಮೂತ್ರವರ್ಧಕ ಸೇವಿಸುವ ವ್ಯಕ್ತಿಗೆ ನಾಲ್ಕು ದಿನಗಳಿಂದ ವೈರಸ್ ಜ್ವರ, ವಾಂತಿ. ಮೈಕೈ ನೋವಿಗೆ ಐಬುಪ್ರೊಫೆನ್ ನುಂಗಿದ್ದಾರೆ. ಮೂತ್ರ ಕಡಿಮೆ. ಕ್ರಿಯಾಟಿನಿನ್ ಪ್ರತಿ ಡೆಸಿಲೀಟರ್‌ಗೆ 1.0ರಿಂದ 2.6 ಮಿ.ಗ್ರಾಂಗೆ ಏರಿದೆ. 2012ರ ಕೆಡಿಗೊ (ಮೂತ್ರಪಿಂಡ ರೋಗಗಳ ಅಂತರರಾಷ್ಟ್ರೀಯ ಮಾರ್ಗದರ್ಶಿ ಸಂಸ್ಥೆ) ಮಾನದಂಡದಂತೆ 48 ಗಂಟೆಗಳಲ್ಲಿ 0.3 ಮಿ.ಗ್ರಾಂನಷ್ಟು ಅಥವಾ 7 ದಿನಗಳಲ್ಲಿ ಒಂದೂವರೆ ಪಟ್ಟು ಏರಿದರೆ ಹಠಾತ್ ಹಾನಿ. ಇದು ಎರಡು ಪಟ್ಟು ದಾಟಿರುವುದರಿಂದ ಎರಡನೇ ಹಂತ.

ಮೊದಲು ಕಿರುಧಮನಿಗಳನ್ನು ನೆನಪಿಸಿಕೊಳ್ಳಿ. ವಾಂತಿ ಮತ್ತು ಮೂತ್ರವರ್ಧಕದಿಂದ ಒಳಹರಿವು ತಗ್ಗಿದೆ. ಒಳಬರುವ ಕಿರುಧಮನಿಯನ್ನು ಅಗಲವಾಗಿ ಇಡುತ್ತಿದ್ದ ಪ್ರೊಸ್ಟಗ್ಲಾಂಡಿನ್‌ಗಳನ್ನು ಐಬುಪ್ರೊಫೆನ್ ತಡೆದಿದೆ. ಹೊರಹೋಗುವ ಕಿರುಧಮನಿಯನ್ನು ಬಿಗಿಮಾಡಬೇಕಿದ್ದ ಆಂಜಿಯೋಟೆನ್ಸಿನ್ 2ನ್ನು ಇನ್ನೊಂದು ಔಷಧ ತಡೆದಿದೆ. ಮೂತ್ರಪಿಂಡದ ಆತ್ಮರಕ್ಷಣೆಯ ಎರಡೂ ಕೈಗಳು ಕಟ್ಟಿಬಿದ್ದಿವೆ. ಮೂರೂ ಔಷಧಗಳನ್ನು ತತ್ಕಾಲಕ್ಕೆ ನಿಲ್ಲಿಸಿ, ದ್ರವ ಕೊಟ್ಟು, ಪೊಟ್ಯಾಸಿಯಂ ಮೇಲೆ ಕಣ್ಣಿಡುವುದು ಮೊದಲ ಕ್ರಮ. ಡೆಂಗಿಯ ಶಂಕೆಯಿದ್ದರೆ ಪ್ಲಾಸ್ಮಾ ಸೋರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ದ್ರವವನ್ನು ಅಳೆದು ಕೊಡಬೇಕು.

ಸೋಸಿದ ಸೋಡಿಯಂನಲ್ಲಿ ಶೇ 1ಕ್ಕಿಂತ ಕಡಿಮೆ ಪಾಲು ಮೂತ್ರದಲ್ಲಿ ಹೊರಹೋಗುತ್ತಿದ್ದರೆ ನಾಳಿಕೆಗಳು ಇನ್ನೂ ಕೆಲಸ ಮಾಡುತ್ತಿವೆ ಎಂದು ಓದಿದ್ದೇವೆ. ಆದರೆ ಮೂತ್ರವರ್ಧಕ ತೆಗೆದುಕೊಂಡವರಲ್ಲಿ ಆ ಲೆಕ್ಕ ದಾರಿತಪ್ಪಿಸುತ್ತದೆ, ಅಲ್ಲಿ ಯೂರಿಯಾದ ಲೆಕ್ಕ ಹೆಚ್ಚು ನಂಬಿಕಾರ್ಹ. ದ್ರವ ಕೊಟ್ಟ ಎರಡು ಮೂರು ದಿನಗಳಲ್ಲಿ ಕ್ರಿಯಾಟಿನಿನ್ ಇಳಿದರೆ ಪೆಟ್ಟು ಹರಿವಿನ ಕೊರತೆಯದು. ಇಳಿಯದೆ, ಸೂಕ್ಷ್ಮದರ್ಶಕದಲ್ಲಿ ಕೆಸರುಗಂದು ಬಣ್ಣದ ಎರಕಗಳು (ನಾಳಿಕೆಯೊಳಗೆ ಅಚ್ಚುಗಟ್ಟಿ ಮೂತ್ರದಲ್ಲಿ ಬರುವ ತುಂಡುಗಳು) ಕಂಡರೆ ನಾಳಿಕೆಯ ಕೋಶಗಳು ಸತ್ತಿವೆ, ಚೇತರಿಕೆಗೆ ವಾರಗಳು ಬೇಕಾಗಬಹುದು. ಮೂತ್ರದಲ್ಲಿ ಪ್ರೋಟೀನ್ ಧಾರಾಳವಾಗಿದ್ದರೆ, ಅಥವಾ ಕೆಂಪು ರಕ್ತಕಣಗಳ ಎರಕಗಳಿದ್ದರೆ, ಸಂಶಯ ಗ್ಲಾಮೆರ್ಯುಲಸ್ ಕಡೆಗೆ ತಿರುಗಬೇಕು: ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ, ಕಾಂಪ್ಲಿಮೆಂಟ್ ಮಟ್ಟ, ಆಮೇಲೆ ಬಯಾಪ್ಸಿ.