ಅಟಾನಮಸ್ ಕಾಲೇಜಿನ ಡಿಗ್ರಿ ನಡೆಯುತ್ತದಾ?

ಪ್ರಶ್ನೆ: ಮಗಳಿಗೆ ಅಟಾನಮಸ್ ಕಾಲೇಜಿನಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿದೆ. ಅಲ್ಲಿ ಕಾಲೇಜೇ ಪರೀಕ್ಷೆ ಮಾಡಿ ಕಾಲೇಜೇ ಡಿಗ್ರಿ ಕೊಡುತ್ತೆ, ನಾಳೆ ಸರ್ಕಾರಿ ಕೆಲಸಕ್ಕೆ ನಡೆಯಲ್ಲ ಅಂತ ನೆಂಟರು ಹೇಳುತ್ತಾರೆ. ಸೇರಿಸಬಹುದಾ?

ಸೇರಿಸಿ. ಅಡ್ಮಿಷನ್ ಶುರುವಾಯಿತೆಂದರೆ ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ. ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಆದರೂ ಒಂದು ಮಗುವಿನ ಸೀಟಿನ ವಿಷಯ ಅಲ್ವಾ, ಮತ್ತೆ ಹೇಳುತ್ತೇನೆ.

ನಿಮ್ಮ ನೆಂಟರ ಮಾತಿನಲ್ಲಿ ಅರ್ಧ ಸರಿ. ಅಟಾನಮಸ್ ಕಾಲೇಜು ತನ್ನ ಸಿಲಬಸ್ ತಾನೇ ಮಾಡಿಕೊಳ್ಳುತ್ತದೆ, ಪರೀಕ್ಷೆಯನ್ನೂ ತಾನೇ ನಡೆಸುತ್ತದೆ. ಡಿಗ್ರಿ ಮಾತ್ರ ಕೊಡುವುದಿಲ್ಲ. ಕೊಡುವ ಅಧಿಕಾರವೇ ಅದಕ್ಕಿಲ್ಲ. ಪದವಿ ಆ ಕಾಲೇಜು ಸೇರಿರುವ ವಿಶ್ವವಿದ್ಯಾಲಯದ್ದು, ಪದವಿ ಪತ್ರದ ಮೇಲೆ ಕಾಲೇಜಿನ ಹೆಸರೂ ಇರುತ್ತದೆ, ಅಷ್ಟೆ. ಬೆಂಗಳೂರಿನ ಆರ್.ವಿ., ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜುಗಳು ಅಟಾನಮಸ್. ಅಲ್ಲಿ ಓದಿದವರ ಬಿ.ಇ. ಪದವಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದೇ (ವಿಟಿಯು). ಆ ಡಿಗ್ರಿ ನಡೆಯಲ್ಲ ಅಂತ ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ?

ಹಾಗಾದರೆ ಈ ಸುದ್ದಿ ಎಲ್ಲಿಂದ ಹುಟ್ಟಿತು? ಸೆಮಿಸ್ಟರ್ ಮಾರ್ಕ್ಸ್ ಕಾರ್ಡ್ ಮೇಲೆ ಕಾಲೇಜಿನ ಹೆಸರು ಎದ್ದು ಕಾಣುತ್ತದೆ. ಅದನ್ನು ನೋಡಿದವರು ಡಿಗ್ರಿಯೂ ಕಾಲೇಜಿನದ್ದೇ ಅಂದುಕೊಳ್ಳುತ್ತಾರೆ. ಜೊತೆಗೆ ಡೀಮ್ಡ್ ಯೂನಿವರ್ಸಿಟಿಯ ಗೊಂದಲ ಬೇರೆ. ಮಣಿಪಾಲದಂಥ ಡೀಮ್ಡ್ ಸಂಸ್ಥೆ ತಾನೇ ಪದವಿ ಕೊಡಬಹುದು, ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಕಾಯಿದೆಯಲ್ಲೇ ಅದಕ್ಕೆ ಜಾಗ ಇದೆ. ಅಟಾನಮಸ್ ಬೇರೆ, ಡೀಮ್ಡ್ ಬೇರೆ.

ಇನ್ನು ಅಟಾನಮಸ್ ಅಂದರೆ ಪ್ರೈವೇಟ್ ಅನ್ನುವವರಿದ್ದಾರೆ. ಕಲಬುರಗಿಯ ಸರ್ಕಾರಿ ಕಾಲೇಜು ಅಟಾನಮಸ್. ಮೈಸೂರಿನ ಯುವರಾಜ ಕಾಲೇಜು ಅಟಾನಮಸ್, ಅದು ಮೈಸೂರು ವಿಶ್ವವಿದ್ಯಾಲಯದ ಸ್ವಂತ ಕಾಲೇಜು. ಇವೆರಡೂ ಪ್ರೈವೇಟಾ? ದಯವಿಟ್ಟು ಈ ಮಾತನ್ನು ನಂಬಿ ಒಳ್ಳೆಯ ಸೀಟು ಬಿಡಬೇಡಿ.

ತಮ್ಮ ಹುಡುಗರಿಗೆ ತಾವೇ ಮಾರ್ಕ್ಸ್ ಜಾಸ್ತಿ ಹಾಕಿಕೊಳ್ಳುವುದಿಲ್ಲವೇ ಅಂದರೆ, ಆ ಅನುಮಾನ ನ್ಯಾಯವಾದದ್ದೇ. ಉತ್ತರ ಪತ್ರಿಕೆ ನೋಡಲು ಹೊರಗಿನವರು ಬರುತ್ತಾರಾ ಅಂತ ಸೇರುವ ಮೊದಲೇ ಕಾಲೇಜಿನಲ್ಲಿ ಕೇಳಿ.

ನೀವು ಕೇಳದ ಇನ್ನೊಂದು ಮಾತಿದೆ. ಪರೀಕ್ಷೆ ಕಾಲೇಜಿಗೆ ಹೋದರೆ ಯೂನಿವರ್ಸಿಟಿಗೆ ಏನು ಕೆಲಸ ಉಳಿಯಿತು? ಯೂನಿವರ್ಸಿಟಿ ಅಂದರೆ ಪರೀಕ್ಷೆ ಅನ್ನುವ ಅಭ್ಯಾಸ ನಮಗೆ 1857ರಿಂದ ಬಂದದ್ದು. ಕಲ್ಕತ್ತ, ಬೊಂಬಾಯಿ, ಮದ್ರಾಸು ವಿಶ್ವವಿದ್ಯಾಲಯಗಳನ್ನು ಆ ವರ್ಷ ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಕಟ್ಟಿದರು. ಪಾಠ ಕಾಲೇಜಿನಲ್ಲಿ, ಪರೀಕ್ಷೆ ಮತ್ತು ಪದವಿ ಯೂನಿವರ್ಸಿಟಿಯಲ್ಲಿ. ಈಗ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಾಲೇಜುಗಳನ್ನು ಹೀಗೆ ಯೂನಿವರ್ಸಿಟಿಗೆ ಕಟ್ಟಿಹಾಕುವ ಪದ್ಧತಿಯನ್ನೇ 15 ವರ್ಷದಲ್ಲಿ ಹಂತಹಂತವಾಗಿ ಬಿಡಬೇಕು ಅನ್ನುತ್ತದೆ. ಹಾಗೇನಾದರೂ ಆದರೆ ಕಾಲೇಜೇ ಪದವಿ ಕೊಡುವ ದಿನ ಬರಬಹುದು. ಇವತ್ತಿಗೆ ಅದು ನಿಮ್ಮ ಮಗಳ ಚಿಂತೆಯಲ್ಲ.

ಪರೀಕ್ಷೆ ಬಿಟ್ಟರೂ ಕೆಲಸಕ್ಕೆ ಕೊರತೆಯಿಲ್ಲ ಅನ್ನುವುದಕ್ಕೆ ನಮ್ಮ ನಾಡೇ ಸಾಕ್ಷಿ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯದ ಮೇಷ್ಟ್ರುಗಳು ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಡುತ್ತಿದ್ದರು. ಆ ಉಪನ್ಯಾಸಗಳು ಪುಟ್ಟ ಪುಸ್ತಕಗಳಾಗಿ ಬರುತ್ತಿದ್ದವು. ಕಾಲೇಜು ಮೆಟ್ಟಿಲು ಹತ್ತದವರೂ ವಿಜ್ಞಾನ, ಚರಿತ್ರೆ ಓದಿದ್ದು ಹಾಗೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಇವತ್ತಿಗೂ ತನ್ನ ಜಿಕೆವಿಕೆ ಆವರಣದಲ್ಲಿ ಕೃಷಿ ಮೇಳ ಮಾಡುತ್ತದೆ. ರೈತರು ಬಸ್ಸು ಹತ್ತಿ ಬಂದು ಹೊಸ ತಳಿ ನೋಡಿ, ಬೀಜ ತಗೊಂಡು ಹೋಗುತ್ತಾರೆ. ಅವರಲ್ಲಿ ಯಾರೂ ಅಲ್ಲಿ ಮಾರ್ಕ್ಸ್ ಕಾರ್ಡ್ ಕೇಳುವುದಿಲ್ಲ.

ಅಟಾನಮಸ್ ಕಾಲೇಜಿನಲ್ಲೂ ಹೊರಗಿನವರಿಗೆ ಇಂಥದ್ದೊಂದು ಬಾಗಿಲಿದೆ. ಸಿಲಬಸ್ ಮಾಡುವ ಮಂಡಳಿಯಲ್ಲಿ ಹೊರಗಿನ ತಜ್ಞರಿಗೆ, ಉದ್ಯಮದವರಿಗೆ, ಹಳೆ ವಿದ್ಯಾರ್ಥಿಗೆ ಜಾಗ ಇಡಬೇಕು ಅಂತ ನಿಯಮವೇ ಇದೆ. ಫೀಸು ಕಟ್ಟಲು ಹೋದಾಗ, ಆ ಜಾಗದಲ್ಲಿ ಈಗ ಯಾರಿದ್ದಾರೆ ಅಂತ ಸುಮ್ನೆ ಒಮ್ಮೆ ವಿಚಾರಿಸಿ.