ಖರ್ಗೆಯವರಿಗೆ ಆ ಸ್ಥಾನ ಸಿಗದೇ ಹೋದ ಐದು ವರ್ಷ

2014ರ ಲೋಕಸಭೆ ಚುನಾವಣೆ ಮುಗಿದಾಗ ಕಾಂಗ್ರೆಸ್‌ಗೆ ಸಿಕ್ಕಿದ್ದು ಬರೀ 44 ಸೀಟು. ಗುಲ್ಬರ್ಗದಿಂದ ಗೆದ್ದಿದ್ದ ಮಲ್ಲಿಕಾರ್ಜುನ ಖರ್ಗೆ ಸದನದಲ್ಲಿ ಪಕ್ಷದ ನಾಯಕರಾದರು. ಆದರೆ ಅಧಿಕೃತ ವಿರೋಧ ಪಕ್ಷದ ನಾಯಕ ಅನ್ನಿಸಿಕೊಳ್ಳಲಿಲ್ಲ. ಸಂಪುಟ ದರ್ಜೆ ತಪ್ಪಿಹೋಯ್ತು, ಅಷ್ಟೇ ಅಲ್ವಾ ಅಂತ ಆಗ ಎಷ್ಟೋ ಜನ ಅಂದುಕೊಂಡರು. ತಪ್ಪಿಹೋಗಿದ್ದು ಅದಕ್ಕಿಂತ ತುಂಬಾ ದೊಡ್ಡದು.

ಖರ್ಗೆಯವರಿಗೆ ಈ ಕೆಲಸ ಹೊಸದೇನಲ್ಲ. 1942ರಲ್ಲಿ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ಹುಟ್ಟಿದವರು. 1948ರಲ್ಲಿ ರಜಾಕಾರರು ಹಚ್ಚಿದ ಬೆಂಕಿಯಲ್ಲಿ ಮನೆ ಹೋಯಿತು, ತಾಯಿ ಮತ್ತು ಸಹೋದರಿ ತೀರಿಕೊಂಡರು. ಹೊಲದಲ್ಲಿದ್ದ ತಂದೆ ಮಾಪಣ್ಣ ಓಡಿ ಬಂದು ಉಳಿಸಿಕೊಳ್ಳೋಕೆ ಆಗಿದ್ದು ಮಗನನ್ನು ಮಾತ್ರ. ಅಪ್ಪ-ಮಗ ಊರು ಬಿಟ್ಟರು, ಕೊನೆಗೆ ಕಲಬುರಗಿ ಸೇರಿದರು. ಅಲ್ಲೇ ಓದಿ ಹುಡುಗ ವಕೀಲನಾದ. ಎಂಎಸ್‌ಕೆ ಮಿಲ್ ಕಾರ್ಮಿಕರ ಸಂಘಕ್ಕೆ ಕಾನೂನು ಸಲಹೆ ಕೊಡುತ್ತಿದ್ದ ಆ ವಕೀಲ 1969ರಲ್ಲಿ ಕಾಂಗ್ರೆಸ್ ಸೇರಿದರು. 1972ರಲ್ಲಿ ಗುರುಮಠಕಲ್‌ನಿಂದ ಶಾಸಕರಾದರು. ಅಲ್ಲಿ ಸಾಲಾಗಿ ಎಂಟು ಸಲ, 2008ರಲ್ಲಿ ಚಿತ್ತಾಪುರದಿಂದ ಒಂದು ಸಲ ಗೆದ್ದರು. ನಮ್ಮ ಪತ್ರಿಕೆಗಳು ಅವರನ್ನು 'ಸೋಲಿಲ್ಲದ ಸರದಾರ' ಅಂತ ಕರೆದಿದ್ದು ಸುಮ್ನೆ ಅಲ್ಲ.

1994ರಲ್ಲಿ ರಾಜ್ಯ ಕಾಂಗ್ರೆಸ್ 34 ಸೀಟಿಗೆ ಕುಸಿಯಿತು. ವಿರೋಧ ಪಕ್ಷದ ನಾಯಕನ ಸ್ಥಾನ ಮೊದಲು ಹೋಗಿದ್ದು ಬಿಜೆಪಿಯ ಯಡಿಯೂರಪ್ಪನವರಿಗೆ. ಆ ವಿಧಾನಸಭೆಯ ದ್ವಿತೀಯಾರ್ಧದಲ್ಲಿ ಖರ್ಗೆ ಅಲ್ಲಿಗೆ ಬಂದರು. 2008ರಲ್ಲಿ ಅದೇ ಯಡಿಯೂರಪ್ಪ ಮುಖ್ಯಮಂತ್ರಿ, ಎದುರಿಗೆ ಮತ್ತೆ ಖರ್ಗೆ. ನಡುವೆ ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಗೃಹ ಸಚಿವರಾಗಿದ್ದರು. ಡಾ. ರಾಜ್‌ಕುಮಾರ್ ಅಪಹರಣದ 108 ದಿನಗಳು ಬಂದಿದ್ದು ಆಗಲೇ. ಮುಖ್ಯಮಂತ್ರಿ ಪದವಿಗೆ ಅವರ ಹೆಸರು ಹಲವು ಸಲ ಕೇಳಿಬಂತು, ಒಮ್ಮೆಯೂ ಕೈಗೂಡಲಿಲ್ಲ.

ಇಷ್ಟು ಅನುಭವ ಇದ್ದವರನ್ನೂ 2014ರಲ್ಲಿ ತಡೆದಿದ್ದು ಒಂದು ಹಳೇ ಲೆಕ್ಕ. ಸದನದ ಒಟ್ಟು ಬಲದಲ್ಲಿ ಹತ್ತನೇ ಒಂದು ಭಾಗ ಇದ್ದರೆ ಮಾತ್ರ ಮಾನ್ಯತೆ ಅನ್ನೋದು ಮೊದಲ ಸ್ಪೀಕರ್ ಮಾವಳಂಕರ್ ಕಾಲದ ಪದ್ಧತಿ. ಅಂದರೆ 55 ಸೀಟು ಬೇಕು. ವಿರೋಧ ಪಕ್ಷದ ನಾಯಕರ ಸಂಬಳ-ಭತ್ಯೆಗೆ ಅಂತ ಬಂದ 1977ರ ಕಾನೂನಿನಲ್ಲಿ ಈ ಶೇಕಡಾವಾರು ಲೆಕ್ಕವೇ ಇಲ್ಲ. ಅದು ಹೇಳೋದು ಇಷ್ಟೇ: ವಿರೋಧ ಪಕ್ಷಗಳಲ್ಲಿ ದೊಡ್ಡದರ ನಾಯಕನಾಗಿರಬೇಕು, ಸ್ಪೀಕರ್ ಮಾನ್ಯ ಮಾಡಿರಬೇಕು. ಸ್ಪೀಕರ್ ಸುಮಿತ್ರಾ ಮಹಾಜನ್ ಹಳೇ ಪದ್ಧತಿಗೇ ಅಂಟಿಕೊಂಡರು. 1980ರ ದಶಕದಲ್ಲಿ ಕಾಂಗ್ರೆಸ್ ಭಾರಿ ಬಹುಮತದಲ್ಲಿದ್ದಾಗಲೂ ಲೋಕಸಭೆಯಲ್ಲಿ ಆ ಸ್ಥಾನ ಖಾಲಿಯಿತ್ತು. ಅದನ್ನೂ ಹೇಳಲೇಬೇಕು. ಆದರೆ ಆಗ ಅಧಿಕಾರದಲ್ಲಿರುವವರ ಭ್ರಷ್ಟಾಚಾರದ ದೂರು ವಿಚಾರಿಸುವ ಲೋಕಪಾಲರಿಗಾಗಿ ಮಾಡಿದ ಲೋಕಪಾಲ ಕಾಯ್ದೆ ಇರಲಿಲ್ಲ.

ವ್ಯತ್ಯಾಸ ಇರೋದು ಇಲ್ಲೇ. ಈಗ ದೊಡ್ಡ ದೊಡ್ಡ ನೇಮಕಾತಿಗಳ ಸಮಿತಿಯಲ್ಲಿ ವಿರೋಧ ಪಕ್ಷದ ನಾಯಕನಿಗೂ ಒಂದು ಮತ ಇದೆ. ಸಿಬಿಐ ನಿರ್ದೇಶಕರ ಆಯ್ಕೆಗೆ ಮಾತ್ರ 2014ರಲ್ಲೇ ಕಾನೂನು ತಿದ್ದಿದರು: ಮಾನ್ಯ ನಾಯಕ ಇಲ್ಲದಿದ್ದರೆ ಅತಿ ದೊಡ್ಡ ವಿರೋಧ ಪಕ್ಷದ ನಾಯಕ ಸಾಕು. ಹಾಗಾಗಿ 2019ರ ಜನವರಿಯಲ್ಲಿ ನಿರ್ದೇಶಕ ಅಲೋಕ್ ವರ್ಮಾ ಅವರನ್ನು ಸಿಬಿಐನಿಂದ ತೆಗೆಯುವ ಸಭೆಯಲ್ಲಿ ಖರ್ಗೆ ಇದ್ದರು. ಪ್ರಧಾನಿ ಮೋದಿ ಮತ್ತು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಸಿಕ್ರಿ ಒಂದು ಕಡೆ, ಖರ್ಗೆ ಇನ್ನೊಂದು ಕಡೆ. ಎರಡಕ್ಕೆ ಒಂದು ಮತದಲ್ಲಿ ಸೋತರು. ಸೋತರೂ ಅವರ ಭಿನ್ನಾಭಿಪ್ರಾಯ ದಾಖಲೆಗೆ ಹೋಯಿತು.

ಲೋಕಪಾಲದ ವಿಷಯದಲ್ಲಿ ಆ ಅವಕಾಶವೂ ಇರಲಿಲ್ಲ. ಅದಕ್ಕೂ ತಿದ್ದುಪಡಿ ಮಸೂದೆ ಬಂದಿತ್ತು, ಆದರೆ ಆ ಭಾಗ ಕಾನೂನಾಗಲಿಲ್ಲ. 2018ರಲ್ಲಿ ಲೋಕಪಾಲರ ಆಯ್ಕೆ ಸಮಿತಿಯ ಸಭೆಗೆ ಸರ್ಕಾರ ಖರ್ಗೆಯವರನ್ನು ಬರೀ 'ವಿಶೇಷ ಆಹ್ವಾನಿತ'ರಾಗಿ ಬರಹೇಳಿತು. ಅಭಿಪ್ರಾಯ ದಾಖಲಿಸುವ ಹಕ್ಕಿಲ್ಲ, ಮತ ಹಾಕುವ ಹಕ್ಕಿಲ್ಲ, ಸುಮ್ನೆ ಬಂದು ಕೂರೋದು ಯಾಕೆ ಅಂತ ಪ್ರಧಾನಿಗೆ ಪತ್ರ ಬರೆದು ಅವರು ದೂರ ಉಳಿದರು. ಮತ್ತೆ ಮತ್ತೆ ಕರೆ ಬಂತು, ಉತ್ತರ ಬದಲಾಗಲಿಲ್ಲ. 2019ರ ಮಾರ್ಚ್‌ನಲ್ಲಿ ದೇಶದ ಮೊದಲ ಲೋಕಪಾಲರ ನೇಮಕ ಅವರಿಲ್ಲದೆಯೇ ಆಯಿತು. ಹೋಗಿ ಕೂತು ಹೊರಗೆ ಬಂದು ಮಾತಾಡಬಹುದಿತ್ತು ಅನ್ನೋರಿದ್ದಾರೆ. ನನಗೆ ಅವರು ಮಾಡಿದ್ದೇ ಸರಿ ಅನ್ನಿಸುತ್ತದೆ. ಮತವಿಲ್ಲದೆ ಕೂತಿದ್ದರೆ ವಿರೋಧ ಪಕ್ಷವೂ ಒಪ್ಪಿದೆ ಅನ್ನೋ ಮುದ್ರೆ ಬೀಳುತ್ತಿತ್ತು.

ಎರಡು ತಿಂಗಳಲ್ಲಿ ಚುನಾವಣೆ. ಒಂದು ಕಾಲದ ಕಾಂಗ್ರೆಸ್ಸಿಗ ಉಮೇಶ್ ಜಾಧವ್ ಬಿಜೆಪಿಯಿಂದ ನಿಂತು ಖರ್ಗೆಯವರನ್ನು 95 ಸಾವಿರಕ್ಕೂ ಜಾಸ್ತಿ ಮತಗಳಿಂದ ಸೋಲಿಸಿದರು. ಅದು ಅವರ ಮೊದಲ ಸೋಲು. 2020ರಲ್ಲಿ ರಾಜ್ಯಸಭೆಗೆ ಹೋದರು. ಗುಲಾಂ ನಬಿ ಆಜಾದ್ ಅವಧಿ ಮುಗಿದ ಮೇಲೆ, 2021ರ ಫೆಬ್ರವರಿಯಲ್ಲಿ, ಸಂಸತ್ತಿನಲ್ಲಿ ಮೊದಲ ಸಲ ಅಧಿಕೃತ ವಿರೋಧ ಪಕ್ಷದ ನಾಯಕರಾದರು. ಆದರೆ ಲೋಕಪಾಲ ಕಾಯ್ದೆಯ ಸಮಿತಿಯಲ್ಲಿ ಜಾಗ ಇರೋದು ಲೋಕಸಭೆಯ ವಿರೋಧ ಪಕ್ಷದ ನಾಯಕನಿಗೆ. ಲೋಕಸಭೆಯಲ್ಲಿ ಆ ಸ್ಥಾನ ತುಂಬಿದ್ದು 2024ರಲ್ಲಿ, ಕಾಂಗ್ರೆಸ್ 99 ಸೀಟು ಗೆದ್ದು ರಾಹುಲ್ ಗಾಂಧಿ ಅಲ್ಲಿ ಕೂತಾಗ.